ಪೆಲೆಟ್ ಕೂರಿಸುವಾಗ ಬೀಳುವ ಗುರುತು: ಬೆರಳೋ, ಪೆನ್ನೋ, ಸೀಟರ್ರೋ?

ದಾವಣಗೆರೆಯ ದುರ್ಗಾಂಬಿಕಾ ಜಾತ್ರೆಯಲ್ಲಿ ಬಲೂನ್ ಹೊಡೆಯುವ ಅಂಗಡಿ ಮುಂದೆ ನೀವೂ ನಿಂತಿರುತ್ತೀರಿ. ಅಂಗಡಿಯವನು ಏರ್‌ಗನ್ನನ್ನು ತೊಡೆಗೆ ಒತ್ತಿ ನಳಿಗೆಯನ್ನು ಕೆಳಕ್ಕೆ ಬಾಗಿಸಿ ತೆರೆಯುತ್ತಾನೆ. ಡಬ್ಬಿಯಿಂದ ಒಂದು ಪೆಲೆಟ್, ಅಂದರೆ ಸೀಸದ ಚಿಕ್ಕ ಗುಂಡು, ತೆಗೆದು ನಳಿಗೆಯೊಳಗೆ ಹೆಬ್ಬೆರಳಿನಿಂದ ಒತ್ತುತ್ತಾನೆ. ಟಪ್ ಅಂತ ನಳಿಗೆ ಮುಚ್ಚಿ ನಿಮ್ಮ ಕೈಗೆ ಕೊಡುತ್ತಾನೆ. ಇಷ್ಟೂ ಕೆಲಸ ಮೂರು ನಾಲ್ಕು ಸೆಕೆಂಡಿನಲ್ಲಿ ಮುಗಿದಿರುತ್ತದೆ. ಅವನ ಪೆಲೆಟ್ ಮೇಲೆ ಉಗುರಿನ ಗುರುತು ಬಿದ್ದರೂ ಏನೂ ಆಗುವುದಿಲ್ಲ. ಎದುರಿಗೆ ಇರುವುದು ತೆಂಗಿನಕಾಯಿ ಗಾತ್ರದ ಬಲೂನು, ದೂರವೂ ನಾಲ್ಕೈದು ಹೆಜ್ಜೆ.

10 ಮೀಟರ್ ದೂರದಲ್ಲಿ ಕಾಗದದ ಗುರಿ ಇಟ್ಟುಕೊಂಡು ಅಭ್ಯಾಸ ಮಾಡುವವರ ಕಥೆಯೇ ಬೇರೆ. ಏರ್ ರೈಫಲ್ ಗುರಿಯ ನಡುವಿನ 10ರ ಚುಕ್ಕೆ ಬರೀ 0.5 ಮಿ.ಮೀ. ಇಡೀ ಗುರಿಯ ಅಗಲ 45.5 ಮಿ.ಮೀ. ಈಗ ದಶಾಂಶದಲ್ಲಿ ಅಂಕ ಕೊಡುತ್ತಾರೆ. 10.9 ಬೇಕು ಅಂದರೆ ಪೆಲೆಟ್ಟಿನ ನಡುಭಾಗ ಗುರಿಯ ನಡುವಿನಿಂದ 0.25 ಮಿ.ಮೀ. ಒಳಗೇ ಇರಬೇಕು. ಅಲ್ಲಿಂದ ಪ್ರತಿ 0.25 ಮಿ.ಮೀ. ಆಚೆ ಹೋದಂತೆ 0.1 ಅಂಕ ಹೋಗುತ್ತದೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಕೊನೆಯ ಹೊಡೆತದಲ್ಲಿ 10.8 ಹೊಡೆದು ಚಿನ್ನ ಗೆದ್ದಿದ್ದು ನೆನಪಿದೆ ಅಲ್ವಾ? ಕಾಲು ಮಿಲಿಮೀಟರ್‌ಗೆ ಲೆಕ್ಕ ಇರುವ ಆಟ ಇದು. ಇಲ್ಲಿ ಪೆಲೆಟ್ಟನ್ನು ನಳಿಗೆಯೊಳಗೆ ಹೇಗೆ ಕೂರಿಸುತ್ತೀರಿ ಅನ್ನುವುದು ಸಣ್ಣ ವಿಷಯವಲ್ಲ.

ನಮ್ಮದು ವಿದ್ಯಾನಗರದ ಮನೆ. ಮಾಳಿಗೆ ಮೇಲಿನ ಉದ್ದ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ 10 ಮೀಟರ್ ಸಿಗುತ್ತದೆ. ನನ್ನ ಹತ್ತಿರ ಇರುವುದು ಸ್ಪ್ರಿಂಗಿನ ಬ್ರೇಕ್ ಬ್ಯಾರೆಲ್ ರೈಫಲ್, ಅಂದರೆ ನಳಿಗೆಯನ್ನು ಬಾಗಿಸಿ ಸ್ಪ್ರಿಂಗ್ ಏರಿಸುವಂಥದ್ದು. ಮಗಳದ್ದು ಪಿಸಿಪಿ, ಅಂದರೆ ಸಿಲಿಂಡರಿನಲ್ಲಿ ಗಾಳಿ ತುಂಬಿಡುವ ರೈಫಲ್. ಪೆಲೆಟ್ ಕೂರಿಸುವ ರೀತಿ ಎರಡರಲ್ಲೂ ಬೇರೆ. ಅದಕ್ಕೇ ಈ ಹೋಲಿಕೆ ಬರೆಯುವ ಧೈರ್ಯ ಮಾಡಿದ್ದೇನೆ.

ಒಂದು ಬೇಸಿಗೆಯಲ್ಲಿ ನನ್ನ ಗ್ರೂಪ್, ಅಂದರೆ ಹೊಡೆತಗಳು ಒಟ್ಟಿಗೆ ಬೀಳುವ ಗುಂಪು, ಕೆಟ್ಟಿತು. ಅದುವರೆಗೆ ಮರಳು ಚೀಲದ ಮೇಲೆ ರೈಫಲ್ ಇಟ್ಟು ಐದು ಹೊಡೆದರೆ ಐದೂ ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಬೀಳುತ್ತಿದ್ದವು. ಆಮೇಲೆ ಮೂರು ಒಂದು ಕಡೆ ಬಿದ್ದರೆ ಎರಡು ಎಲ್ಲೋ ಹೋಗುತ್ತಿದ್ದವು. ಸ್ಕ್ರೂ ಬಿಗಿ ಮಾಡಿದೆ. ಗುರಿ ನೋಡುವ ಸೈಟ್ ಬಿಚ್ಚಿ ಮತ್ತೆ ಕೂರಿಸಿದೆ. ಸ್ಪ್ರಿಂಗ್ ಸೋತಿದೆ ಅಂದುಕೊಂಡೆ. ಮೂರು ವಾರ ಹೀಗೇ ಹೋಯಿತು. ಕೊನೆಗೊಂದು ದಿನ ಪೆಲೆಟ್ ಕೂರಿಸಿ, ಹೊಡೆಯದೆ, ಕ್ಲೀನಿಂಗ್ ರಾಡಿನಿಂದ ಮೆಲ್ಲಗೆ ಹೊರಗೆ ತಳ್ಳಿ ಮಡಚಿದ ಟವೆಲ್ ಮೇಲೆ ಬೀಳಿಸಿಕೊಂಡೆ. ಭೂತಗನ್ನಡಿ ಹಿಡಿದು ನೋಡಿದರೆ ಅದರ ಹಿಂಬದಿ ಅಂಚಿನಲ್ಲಿ ಒಂದು ಸಣ್ಣ ಅರ್ಧಚಂದ್ರ ಇತ್ತು. ನನ್ನದೇ ಉಗುರು. ಮತ್ತೆ ನಾಲ್ಕು ತಳ್ಳಿ ನೋಡಿದೆ. ಎರಡರಲ್ಲಿ ಗುರುತು ಇತ್ತು, ಎರಡರಲ್ಲಿ ಇರಲಿಲ್ಲ. ಮೂರು ಒಂದು ಕಡೆ, ಎರಡು ಇನ್ನೊಂದು ಕಡೆ ಯಾಕೆ ಹೋಗುತ್ತಿದ್ದವು ಅಂತ ಆಗ ಗೊತ್ತಾಯಿತು.

ಗುರುತು ಬಿದ್ದರೆ ಏನಾಗುತ್ತದೆ?

ಪೆಲೆಟ್ಟನ್ನು ಒಮ್ಮೆ ಹತ್ತಿರದಿಂದ ನೋಡಿ. ಬುಡಬುಡಿಕೆಯ ಹಾಗೆ ಇರುತ್ತದೆ, ನಡು ಸಣ್ಣ, ಎರಡು ಕಡೆ ಅಗಲ. ಮುಂದಿನದು ತಲೆ, ಗಟ್ಟಿಯಾಗಿ ತುಂಬಿರುತ್ತದೆ. ಹಿಂದಿನದು ಟೊಳ್ಳು, ಲಂಗದ ಹಾಗೆ ಅರಳಿರುತ್ತದೆ. ಅದಕ್ಕೇ ಅದನ್ನು ಸ್ಕರ್ಟ್ ಅನ್ನುತ್ತಾರೆ. ಸ್ಪರ್ಧೆಯಲ್ಲಿ ಬಳಸುವ 4.5 ಮಿ.ಮೀ. ಪೆಲೆಟ್ಟಿನ ತಲೆ ಚಪ್ಪಟೆ. ಕಾಗದದಲ್ಲಿ ಪಂಚ್ ಮಾಡಿದ ಹಾಗೆ ದುಂಡನೆ ತೂತು ಬೀಳಲಿ ಅಂತ ಹಾಗೆ ಮಾಡಿರುತ್ತಾರೆ. ರೈಫಲ್‌ಗೆ ಸಾಮಾನ್ಯವಾಗಿ ಬಳಸುವುದು 0.53 ಗ್ರಾಂ ತೂಕದ್ದು.

ಸೀಸ ತುಂಬಾ ಮೆದು, ಉಗುರಿನಿಂದ ಗೀರಿದರೆ ಗೆರೆ ಬೀಳುತ್ತದೆ. ಸ್ಕರ್ಟಿನ ಅಂಚಂತೂ ಬಲು ತೆಳು, ಅದನ್ನು ಬೇಕಂತಲೇ ತೆಳು ಮಾಡಿರುತ್ತಾರೆ. ಟ್ರಿಗರ್ ಎಳೆದಾಗ ನುಗ್ಗುವ ಗಾಳಿ ಸ್ಕರ್ಟಿನ ಒಳಗೆ ತುಂಬಿ ಅದನ್ನು ನಳಿಗೆಯ ಗೋಡೆಗೆ ಒತ್ತುತ್ತದೆ. ಆಗ ಗಾಳಿ ಸೋರುವುದಿಲ್ಲ, ಪೆಲೆಟ್ ನೆಟ್ಟಗೆ ಓಡುತ್ತದೆ. ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ನಳಿಗೆಯ ಬಾಯಿ ದಾಟುವಾಗ ಸ್ಕರ್ಟಿನ ಅಂಚು ಸುತ್ತಲೂ ಒಂದೇ ಸಲ ಬಿಡಬೇಕು. ಒಂದು ಕಡೆ ಕಚ್ಚು ಇದ್ದರೆ ಗಾಳಿ ಅಲ್ಲಿಂದ ಮೊದಲು ನುಗ್ಗುತ್ತದೆ, ಪೆಲೆಟ್ ತುಸು ವಾಲುತ್ತದೆ. ಆ ತುಸುವೇ 10 ಮೀಟರ್ ಹೋಗುವಷ್ಟರಲ್ಲಿ ಒಂದೆರಡು ಮಿಲಿಮೀಟರ್ ಆಗುತ್ತದೆ.

ಆದರೆ ಎಲ್ಲ ಗುರುತೂ ಕೆಟ್ಟದ್ದಲ್ಲ, ಇದನ್ನು ತಿಳಿಯಲು ನನಗೆ ಜಾಸ್ತಿ ದಿನ ಹಿಡಿಯಿತು. ನಳಿಗೆಯ ಒಳಗೆ ಸುರುಳಿ ಗೆರೆಗಳಿರುತ್ತವೆ. ಅವು ಪೆಲೆಟ್ಟಿನ ಮೈಮೇಲೆ ಗೀರು ಹಾಕಲೇಬೇಕು, ಅದರಿಂದಲೇ ಪೆಲೆಟ್ ತಿರುಗುವುದು. ಕೂರಿಸುವ ಸಾಧನ ಸ್ಕರ್ಟಿನ ಒಳಗೆ ಬಳೆಯ ಹಾಗೆ ತೆಳು ಗೆರೆ ಬಿಟ್ಟರೂ ತೊಂದರೆಯಿಲ್ಲ. ಸುತ್ತಲೂ ಒಂದೇ ಸಮ ಇರುವ ಗುರುತು ಪೆಲೆಟ್ಟನ್ನು ವಾಲಿಸುವುದಿಲ್ಲ. ನೀವು ಹುಡುಕಬೇಕಾದ್ದು ಒಂದೇ ಪಕ್ಕಕ್ಕೆ ಬಿದ್ದ ಕಚ್ಚು, ಒಂದೇ ಕಡೆ ಮಡಚಿದ ಅಂಚು, ಒಂದೇ ಕಡೆ ಹೆರೆದ ಸೀಸ.

ವಿದೇಶದಲ್ಲಿ ಬಂದೂಕಿನ ಕಾಟ್ರಿಡ್ಜನ್ನು ಮನೆಯಲ್ಲೇ ತುಂಬಿಕೊಳ್ಳುವವರಿಗೂ ಇದೇ ತಲೆನೋವು. ಅವರು ಪ್ರೆಸ್ಸಿನಲ್ಲಿ ಬುಲೆಟ್ ಒತ್ತುವಾಗ ಮೂತಿಯ ಸುತ್ತ ಒಂದು ಉಂಗುರ ಬೀಳುತ್ತದೆ. ಒತ್ತುವ ಕಡ್ಡಿಯ ಬಾಯಿ ಚೂಪಾಗಿದ್ದರೆ, ಇಲ್ಲವೇ ಬುಲೆಟ್ಟಿನ ಮೂತಿಯ ಆಕಾರಕ್ಕೆ ಅದು ಹೊಂದದೆ ಇದ್ದರೆ ಹಾಗಾಗುತ್ತದೆ. ಬುಲೆಟ್ಟನ್ನು ಹಿಡಿದಿಡುವ ಲೋಹದ ಕೇಸಿನ ಕುತ್ತಿಗೆ ಬಿಗಿಯಿದ್ದರೆ ಇನ್ನೂ ಜೋರಾಗಿ ಬೀಳುತ್ತದೆ. ಅವರು ಕಡ್ಡಿಯ ಅಂಚನ್ನು ನಯ ಮಾಡುತ್ತಾರೆ, ಆ ಬುಲೆಟ್ಟಿಗೆ ಹೊಂದುವ ಕಡ್ಡಿ ಹಾಕುತ್ತಾರೆ, ಕೇಸಿನ ಬಾಯಿಯ ಒಳ ಅಂಚನ್ನು ಸ್ವಲ್ಪ ಹೆರೆಯುತ್ತಾರೆ. ನಮ್ಮಲ್ಲಿ ಆ ಕೆಲಸಕ್ಕೆ ಕೈ ಹಾಕುವ ಹಾಗಿಲ್ಲ. 1959ರ ಆಯುಧ ಕಾಯ್ದೆ ಪ್ರಕಾರ ಮದ್ದುಗುಂಡು ತಯಾರಿಸಲು ಲೈಸೆನ್ಸ್ ಬೇಕು. ಏರ್ ರೈಫಲ್ ಮಾತ್ರ 0.177 ಬೋರಿನದ್ದಾಗಿ, ಅಂದರೆ 4.5 ಮಿ.ಮೀ.ನದ್ದಾಗಿ, 20 ಜೂಲ್‌ಗಿಂತ ಕಡಿಮೆ ಶಕ್ತಿಯದ್ದಾದರೆ ಲೈಸೆನ್ಸ್ ಬೇಡ. ಆದರೆ ಅವರ ಅನುಭವದಲ್ಲಿ ನಮಗೊಂದು ಪಾಠ ಇದೆ. ಎಷ್ಟು ಜೋರಾಗಿ ಒತ್ತುತ್ತೀರಿ ಅನ್ನುವುದಕ್ಕಿಂತ ಸಾಧನದ ಯಾವ ಭಾಗ ಎಲ್ಲಿ ತಾಗುತ್ತದೆ ಅನ್ನುವುದನ್ನು ನೋಡಬೇಕು. ನಾನು ಮುಂದೆ ಹೇಳುವ ಎಲ್ಲ ವಿಧಾನವನ್ನೂ ಇದೇ ಕಣ್ಣಿನಿಂದ ನೋಡಿದ್ದೇನೆ.

ಹೆಬ್ಬೆರಳು

ಬ್ರೇಕ್ ಬ್ಯಾರೆಲ್ ಇರುವ ಹೆಚ್ಚಿನವರು ಮಾಡುವುದು ಇದನ್ನೇ. ಇದನ್ನು ಕೀಳಾಗಿ ನೋಡಬೇಡಿ. ಬೆರಳಿಗೆ ಇರುವಷ್ಟು ಸೂಕ್ಷ್ಮ ಯಾವ ಸಾಧನಕ್ಕೂ ಇಲ್ಲ. ಐನೂರರ ಡಬ್ಬಿಯಲ್ಲಿ ಒಂದು ಪೆಲೆಟ್ ಸಡಿಲ ಇದ್ದರೆ, ಇನ್ನೊಂದು ಬಿಗಿ ಇದ್ದರೆ, ಬೆರಳಿಗೆ ತಕ್ಷಣ ಗೊತ್ತಾಗುತ್ತದೆ. ಅಂಥದ್ದನ್ನು ತೆಗೆದು ಪಕ್ಕಕ್ಕೆ ಇಡಬಹುದು. ಸೀಟರ್, ಅಂದರೆ ಪೆಲೆಟ್ ಕೂರಿಸುವ ಕಡ್ಡಿ, ಬಳಸುವವರಿಗೆ ಈ ಸುದ್ದಿ ಅಷ್ಟು ಸ್ಪಷ್ಟವಾಗಿ ಸಿಗುವುದಿಲ್ಲ.

ತೊಂದರೆ ಎರಡು. ಒಂದು ಉಗುರು. ಇನ್ನೊಂದು, ನಾವು ಬೆರಳನ್ನು ನೇರ ಒತ್ತದೆ ಜಾರಿಸಿ ಒತ್ತುತ್ತೇವೆ. ಬೀಗಕ್ಕೆ ಕೀಲಿ ತಳ್ಳುವ ಹಾಗಲ್ಲ, ಗೋಡೆಗೆ ಪಿನ್ ಚುಚ್ಚಿ ಪಕ್ಕಕ್ಕೆ ಎಳೆದ ಹಾಗೆ. ಆ ಎಳೆತದಲ್ಲಿ ಸ್ಕರ್ಟಿನ ಒಂದು ಅಂಚು ಬ್ರೀಚಿನ, ಅಂದರೆ ಪೆಲೆಟ್ ಹಾಕುವ ನಳಿಗೆಯ ಹಿಂಬಾಯಿಯ, ತುಟಿಗೆ ಸಿಕ್ಕಿ ಮಡಚುತ್ತದೆ. ಬೆರಳಲ್ಲೇ ಕೂರಿಸುವುದಾದರೆ ಉಗುರು ಕತ್ತರಿಸಿಕೊಳ್ಳಿ, ಬೆರಳ ತುದಿ ಬಿಟ್ಟು ತಿರುಳಿನ ಭಾಗದಿಂದ ಒತ್ತಿ. ತಲೆ ಒಳಗೆ ಹೋದ ಮೇಲೆ ಒಂದು ಕ್ಷಣ ನಿಲ್ಲಿ. ಸ್ಕರ್ಟ್ ನೆಟ್ಟಗಿದೆಯಾ ನೋಡಿ. ಆಮೇಲೆ ಒಂದೇ ಒತ್ತು. ಸ್ಕರ್ಟಿನ ಅಂಚು ಬ್ರೀಚಿನ ಮುಖಕ್ಕೆ ಸಮ ಆದರೆ ಸಾಕು.

ಇಲ್ಲೇ ಒಂದು ಎಚ್ಚರಿಕೆ. ಬ್ರೇಕ್ ಬ್ಯಾರೆಲ್ ಮುರಿದು ಸ್ಪ್ರಿಂಗ್ ಏರಿಸಿದ ಮೇಲೆ ಪೆಲೆಟ್ ಇಡುವಷ್ಟು ಹೊತ್ತೂ ಇನ್ನೊಂದು ಕೈ ನಳಿಗೆಯನ್ನು ಗಟ್ಟಿ ಹಿಡಿದಿರಬೇಕು. ಟ್ರಿಗರ್ ಜಾರಿದರೆ ನಳಿಗೆ ಮೇಲಕ್ಕೆ ಹಾರಿ ಬೆರಳನ್ನು ನಜ್ಜುಗುಜ್ಜು ಮಾಡುತ್ತದೆ. ಮಕ್ಕಳಿಗೆ ಕಲಿಸುವಾಗ ಗುರಿ ಹಿಡಿಯುವುದಕ್ಕಿಂತ ಮೊದಲು ಇದನ್ನು ಕಲಿಸಿ.

ಪೆನ್ನು, ಸ್ಕ್ರೂಡ್ರೈವರ್, ಕೈಗೆ ಸಿಕ್ಕಿದ್ದು

ಬಾಲ್ ಪೆನ್ನಿನ ಮೊನೆ ಬೇಡವೇ ಬೇಡ. ಸ್ಕ್ರೂಡ್ರೈವರ್ ಅಂತೂ ಮುಟ್ಟಬೇಡಿ. ಉಕ್ಕಿನ ಮೊನೆ ಬ್ರೀಚಿನ ಒಳ ಅಂಚನ್ನೇ ಗೀರಿದರೆ ಆಮೇಲೆ ಪ್ರತಿ ಪೆಲೆಟ್ಟಿನ ಮೇಲೂ ಅದೇ ಜಾಗದಲ್ಲಿ ಗೀರು ಬೀಳುತ್ತದೆ. ಪೆಲೆಟ್ ಹೋದರೆ ಇನ್ನೊಂದು ಸಿಗುತ್ತದೆ, ನಳಿಗೆ ಹೋದರೆ ಹೋಯಿತು.

ಸ್ಕೆಚ್ ಪೆನ್ನಿನ ಹಿಂಬದಿ ಮಾತ್ರ ಬೇರೆ ಮಾತು. ಪ್ಲಾಸ್ಟಿಕ್, ದುಂಡಗೆ, ನುಣ್ಣಗೆ ಇರುವುದನ್ನು ಹುಡುಕಿದರೆ ಅದೇ ಒಂದು ಸೀಟರ್. ಶುರು ಮಾಡುವವರು ದುಡ್ಡು ಹಾಕುವ ಮುಂಚೆ ಹತ್ತು ದಿನ ಇದನ್ನೇ ಬಳಸಿ ನೋಡಲಿ. ಅಚ್ಚಿನ ಗೆರೆ, ಅಂದರೆ ಪ್ಲಾಸ್ಟಿಕ್ಕಿನ ಎರಡು ಅರ್ಧ ಸೇರುವಲ್ಲಿ ಉಬ್ಬಿರುವ ಗೆರೆ, ಬೆರಳಿಗೆ ಸಿಗುತ್ತದಾ ನೋಡಿ. ಸಿಕ್ಕರೆ ಸಣ್ಣ ಎಮರಿ ಕಾಗದದಿಂದ ಉಜ್ಜಿ ತೆಗೆಯಿರಿ.

ಗುಂಡು ತುದಿಯ ಸೀಟರ್

ಇದಕ್ಕೇ ನನ್ನ ಓಟು. ಹಾಗಾಗಿ ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ತುದಿಯಲ್ಲಿ ಅರ್ಧಗೋಲ ಇರುವ ಚಿಕ್ಕ ಕಡ್ಡಿ ಅಷ್ಟೇ. ಗೋಲದ ಅಗಲ ನಳಿಗೆಗಿಂತ ದೊಡ್ಡದಿರಬೇಕು, ಸುಮಾರು 7 ಮಿ.ಮೀ. ಹಾಗಿದ್ದಾಗ ಗೋಲ 4.5 ಮಿ.ಮೀ.ನ ತೂತಿನೊಳಗೆ ಪೂರ್ತಿ ಹೋಗುವುದಿಲ್ಲ. ಸುಮಾರು 0.8 ಮಿ.ಮೀ. ಇಳಿದು ಬ್ರೀಚಿನ ಅಂಚಿಗೆ ತಾಗಿ ನಿಲ್ಲುತ್ತದೆ. ಇದರಿಂದ ಎರಡು ಲಾಭ. ನೀವು ಎಷ್ಟೇ ಒತ್ತಿದರೂ ಪೆಲೆಟ್ ಪ್ರತಿ ಸಲ ಅಷ್ಟೇ ಆಳಕ್ಕೆ ಹೋಗುತ್ತದೆ. ಎರಡನೆಯದು, ಗೋಲ ಸ್ಕರ್ಟಿನ ಒಳ ಅಂಚಿಗೆ ಸುತ್ತಲೂ ಒಂದೇ ಸಲ ತಾಗುತ್ತದೆ. ಪೆಲೆಟ್ ಸ್ವಲ್ಪ ವಾಲಿದ್ದರೂ ಅದೇ ನೆಟ್ಟಗೆ ಮಾಡಿಕೊಳ್ಳುತ್ತದೆ. ಬೀಳುವ ಗುರುತು ಬಳೆಯ ಹಾಗೆ ದುಂಡನೆ ಇರುತ್ತದೆ. ಡಬ್ಬಿಯಲ್ಲಿ ತುಸು ಮೊಟ್ಟೆಯಾಕಾರ ಆಗಿದ್ದ ಸ್ಕರ್ಟನ್ನೂ ಇದು ಮತ್ತೆ ದುಂಡಗೆ ಮಾಡುತ್ತದೆ.

ಆನ್‌ಲೈನಿನಲ್ಲಿ ತರಿಸಿದ ಮೊದಲ ಸೀಟರ್ ನನಗೆ ಕೈಕೊಟ್ಟಿತು. ಹಿತ್ತಾಳೆಯದ್ದು, ಹೊಳೆಯುತ್ತಿತ್ತು, ಕೈಗೆ ತೂಕವಾಗಿ ಚೆನ್ನಾಗಿತ್ತು. ಒಂದು ವಾರ ಬಳಸಿದ ಮೇಲೆ ಪೆಲೆಟ್ ತಳ್ಳಿ ನೋಡಿದರೆ ಪ್ರತಿಯೊಂದರ ಒಳಗೂ ಸೂಜಿಯಿಂದ ಗೀರಿದ ಹಾಗೆ ಒಂದು ಗೆರೆ. ಗೋಲದ ಮೇಲೆ ಹತ್ತಿ ಉಜ್ಜಿ ನೋಡಿದೆ. ಒಂದು ಜಾಗದಲ್ಲಿ ಹತ್ತಿಯ ಎಳೆ ಸಿಕ್ಕಿಕೊಂಡಿತು. ಲೇತಿನಲ್ಲಿ ಕತ್ತರಿಸಿದ ಮೇಲೆ ಉಳಿದ ಬರ್ ಅದು, ಕಣ್ಣಿಗೆ ಕಾಣದಷ್ಟು ಸಣ್ಣದು. ಹತ್ತಿ ಪರೀಕ್ಷೆ ಅಂದಿನಿಂದ ನನ್ನ ಮನೆಯ ನಿಯಮ. ಕೂರಿಸಲು ಬಳಸುವ ಯಾವುದೇ ವಸ್ತುವಿನ ಮೇಲೆ ಒಂದು ಚೂರು ಹತ್ತಿ ಎಳೆಯಿರಿ. ಎಳೆ ಸಿಕ್ಕರೆ ಅದು ಸೀಸವನ್ನೂ ಗೀರುತ್ತದೆ.

ಆಮೇಲೆ ನಾನು ಮಾಡಿಸಿಕೊಂಡಿದ್ದು ನೈಲಾನ್ ಕಡ್ಡಿಯದ್ದು. ನಮ್ಮ ಪಕ್ಕದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಲೇತ್ ತಯಾರಿಸುತ್ತಿದ್ದ ಕಾಲದಿಂದ ಈ ಭಾಗದಲ್ಲಿ ಒಳ್ಳೆ ಟರ್ನರ್‌ಗಳಿಗೆ ಬರವಿಲ್ಲ. ಹಾಗೆ ಪರಿಚಯದ ಹಿರಿಯರೊಬ್ಬರು 12 ಮಿ.ಮೀ. ನೈಲಾನ್ ಕಡ್ಡಿಯ ತುದಿಯನ್ನು 7 ಮಿ.ಮೀ.ಗೆ ಇಳಿಸಿ, ಗುಂಡಗೆ ಮಾಡಿ, ಕೊನೆಗೆ ಎಮರಿ ಕಾಗದ ಹಿಡಿದು ನಯ ಮಾಡಿದರು. ಅವರು ಗೋಲವನ್ನು ತಮ್ಮ ತುಟಿಗೆ ಒತ್ತಿ ನೋಡಿ 'ಈಗ ಸರಿ ಆತು' ಅಂದರು. ಬೆರಳಿಗಿಂತ ತುಟಿಗೆ ಒರಟು ಬೇಗ ಗೊತ್ತಾಗುತ್ತದಂತೆ. ಆ ನೈಲಾನ್ ಕಡ್ಡಿ ಇವತ್ತಿಗೂ ನನ್ನ ಪೆಲೆಟ್ ಡಬ್ಬಿಯ ಜೊತೆಗೇ ಇದೆ. ಸೀಸಕ್ಕೂ ಬ್ರೀಚಿಗೂ ನೈಲಾನ್ ಏನೂ ಮಾಡುವುದಿಲ್ಲ. ವರ್ಷಕ್ಕೊಮ್ಮೆ ತುದಿ ಸವೆದಿದೆಯಾ ನೋಡಿಕೊಂಡರೆ ಸಾಕು.

ಆಳಕ್ಕೆ ತಳ್ಳುವ ಪಿನ್

ಕೆಲವು ಸೀಟರ್‌ಗಳ ಇನ್ನೊಂದು ತುದಿಯಲ್ಲಿ ಸಣ್ಣ ಪಿನ್ ಇರುತ್ತದೆ. ಅದು ಸ್ಕರ್ಟಿನ ಟೊಳ್ಳಿನೊಳಗೆ ಹೋಗಿ ತಲೆಯ ಹಿಂಭಾಗವನ್ನು ತಳ್ಳುತ್ತದೆ. ಸ್ಕರ್ಟಿನ ಅಂಚನ್ನು ಮುಟ್ಟುವುದೇ ಇಲ್ಲ. ಕೇಳಲು ಇದೇ ಎಲ್ಲಕ್ಕಿಂತ ಒಳ್ಳೆಯದು ಅನ್ನಿಸುತ್ತದೆ.

ಆದರೆ ಪೆಲೆಟ್ ಎರಡು ಮೂರು ಮಿಲಿಮೀಟರ್ ಒಳಗೆ ಹೋದ ಕೂಡಲೇ ಸ್ಪ್ರಿಂಗ್ ರೈಫಲಿನ ನಡತೆ ಬದಲಾಗುತ್ತದೆ. ಸ್ಕರ್ಟ್ ಬ್ರೀಚಿನ ಬಾಯಲ್ಲಿ ತುಸು ಹಿಡಿದುಕೊಂಡಿದ್ದರೆ ಹಿಂದೆ ಒತ್ತಡ ಸೇರಿ ಆಮೇಲೆ ಪೆಲೆಟ್ ಹೊರಡುತ್ತದೆ. ಮೊದಲೇ ಒಳಗೆ ತಳ್ಳಿಟ್ಟರೆ ಬೇಗ ಹೊರಡುತ್ತದೆ. ವೇಗ ಬದಲಾಗುತ್ತದೆ, ಬೀಳುವ ಜಾಗವೂ ಬದಲಾಗುತ್ತದೆ. ಕೆಲವು ರೈಫಲ್‌ಗೆ ಇದು ಹೊಂದುತ್ತದೆ, ಕೆಲವಕ್ಕೆ ಇಲ್ಲ. ನನ್ನದಕ್ಕೆ ಹೊಂದಲಿಲ್ಲ. ಪಿನ್ ಓರೆಯಾಗಿ ಹೋದರೆ ಸ್ಕರ್ಟಿನ ಒಳಗೋಡೆ ಗೀರುತ್ತದೆ, ಅದೂ ಒಂದು ಪಕ್ಕಕ್ಕೆ. ಹೊಸಬರಿಗೆ ನಾನು ಇದನ್ನು ಹೇಳುವುದಿಲ್ಲ. ಬ್ರೀಚಿನ ಬಾಯಿ ತೀರಾ ಬಿಗಿ ಇದ್ದು ಬೇರೆ ದಾರಿಯಿಲ್ಲದವರು ಮಾತ್ರ ಪ್ರಯತ್ನಿಸಿ. ಮಾಡಿದರೆ ಪ್ರತಿ ಸಲ ಅಷ್ಟೇ ಆಳಕ್ಕೆ ತಳ್ಳಿ.

ಪಿಸಿಪಿ ಇದ್ದವರಿಗೆ

ಮಗಳ ರೈಫಲಿನಲ್ಲಿ ಬೆರಳಿಗೂ ಸೀಟರಿಗೂ ಕೆಲಸವಿಲ್ಲ. ಪೆಲೆಟ್ಟನ್ನು ಸಣ್ಣ ದೋಣಿಯಂಥ ಟ್ರೇ ಮೇಲೆ ಮಲಗಿಸಿ ಬೋಲ್ಟ್, ಅಂದರೆ ಹಿಂದೆ ಮುಂದೆ ಜಾರುವ ಲೋಹದ ಕಡ್ಡಿ, ಮುಂದಕ್ಕೆ ತಳ್ಳಿದರೆ ಅದರ ತುದಿಯೇ ಪೆಲೆಟ್ಟನ್ನು ನಳಿಗೆಯೊಳಗೆ ಕೂರಿಸುತ್ತದೆ. ಸ್ಪರ್ಧೆಯ ರೈಫಲ್‌ಗಳಲ್ಲೂ ಹೀಗೇ ಒಂದೊಂದಾಗಿ ಹಾಕುವುದು. ಪ್ರತಿ ಸಲ ಒಂದೇ ಆಳ, ಒಂದೇ ನೇರ. ಕೂರಿಸುವ ವಿಷಯದಲ್ಲಿ ಇದಕ್ಕಿಂತ ಒಳ್ಳೆ ವ್ಯವಸ್ಥೆ ಇಲ್ಲ.

ಗುರುತು ಬೀಳುವುದು ಅವಸರದಿಂದ. ಪೆಲೆಟ್ ಟ್ರೇ ಮೇಲೆ ತುಸು ಓರೆಯಾಗಿ ಮಲಗಿರುವಾಗಲೇ ಬೋಲ್ಟ್ ದಡಕ್ಕನೆ ತಳ್ಳಿದರೆ ತಲೆಯ ಅಂಚು ಬ್ರೀಚಿಗೆ ಬಡಿದು ಸೀಸ ಹೆರೆದುಹೋಗುತ್ತದೆ. ಟ್ರೇಯ ಮೂಲೆಯಲ್ಲಿ ಬೂದಿ ಬಣ್ಣದ ಸಣ್ಣ ಚಕ್ಕೆ ಕಂಡರೆ ಹೀಗಾಗುತ್ತಿದೆ ಅಂತಲೇ ಅರ್ಥ. ಮಗಳಿಗೆ ಹೇಳಿದ್ದು ಇಷ್ಟೇ: ತಲೆ ಒಳಗೆ ಹೋಗುವವರೆಗೆ ಮೆಲ್ಲಗೆ, ಆಮೇಲೆ ಒಂದೇ ಸಮ ಒತ್ತು. ಸ್ಪರ್ಧೆಯಲ್ಲಿ 60 ಹೊಡೆತಕ್ಕೆ 75 ನಿಮಿಷ ಸಮಯ ಇರುತ್ತದೆ. ಪೆಲೆಟ್ ಹಾಕುವಲ್ಲಿ ಸೆಕೆಂಡ್ ಉಳಿಸಿ ಏನೂ ಸಿಗುವುದಿಲ್ಲ.

ಮೆಲ್ಲಗೆ ಮಾಡಿದರೂ ಪ್ರತಿ ಪೆಲೆಟ್ಟಿನ ಒಂದೇ ಜಾಗದಲ್ಲಿ ಕಚ್ಚು ಬೀಳುತ್ತಿದ್ದರೆ ತಪ್ಪು ನಿಮ್ಮದಲ್ಲ. ನಳಿಗೆಯೊಳಗೆ ಗಾಳಿ ಬರುವ ತೂತಿನ ಅಂಚು ಚೂಪಾಗಿರಬಹುದು, ಪೆಲೆಟ್ ಅದನ್ನು ದಾಟಿ ಹೋಗುವಾಗ ಸ್ಕರ್ಟ್ ಗೀರುತ್ತದೆ. ಇಲ್ಲವೇ ಬೋಲ್ಟಿನ ತುದಿ ನಡುವಿಗೆ ಸರಿಯಾಗಿ ಬರುತ್ತಿಲ್ಲ. ಇವೆರಡೂ ಮನೆಯಲ್ಲಿ ಸರಿಪಡಿಸುವ ಕೆಲಸವಲ್ಲ, ಗನ್‌ಸ್ಮಿತ್ ಹತ್ತಿರ ಒಯ್ಯಿರಿ. ಪರೀಕ್ಷೆಗೆ ಅಂತ ಪೆಲೆಟ್ಟನ್ನು ರಾಡಿನಿಂದ ಹೊರಗೆ ತಳ್ಳುವ ಮುಂಚೆ ಸಿಲಿಂಡರ್ ಬಿಚ್ಚಿ, ಒಳಗೆ ಉಳಿದ ಗಾಳಿ ಪೂರ್ತಿ ಖಾಲಿ ಮಾಡಿ. ಸ್ಪ್ರಿಂಗ್ ರೈಫಲ್ ಆದರೆ ಸ್ಪ್ರಿಂಗ್ ಏರಿಸಿರಬಾರದು. ಇದರಲ್ಲಿ ರಾಜಿ ಬೇಡ.

ತಿರುಗುವ ಮ್ಯಾಗಜಿನ್ ಇರುವ ಪಿಸಿಪಿಗಳೂ ಇವೆ. ಹತ್ತು ಪೆಲೆಟ್ ಒಟ್ಟಿಗೆ ತುಂಬಬಹುದು. ಮ್ಯಾಗಜಿನ್ನಿನ ತೂತು ನಳಿಗೆಗೆ ಕೂದಲೆಳೆಯಷ್ಟು ಓರೆಯಾದರೂ ಒಂದು ಪಕ್ಕ ಹೆರೆಯುತ್ತದೆ. ಕಾಗದದ ಗುರಿಗೆ ಹೊಡೆಯುವವರು ಒಂಟಿ ಟ್ರೇ ಸಿಗುತ್ತದಾ ಕೇಳಿ ಅದನ್ನೇ ಹಾಕಿಕೊಳ್ಳಿ.

ಕೂರಿಸುವ ಮೊದಲೇ ಆಗುವ ಗಾಯ

ಸೀಟರ್ ಬದಲಾಯಿಸಿದರೂ ಗ್ರೂಪ್ ಸುಧಾರಿಸದಿದ್ದರೆ ಡಬ್ಬಿಯನ್ನು ನೋಡಿ. ಕೊರಿಯರಿನಲ್ಲಿ ಬರುವಾಗ ಐನೂರು ಪೆಲೆಟ್ ಒಂದಕ್ಕೊಂದು ಬಡಿದುಕೊಂಡೇ ಬರುತ್ತವೆ. ಡಬ್ಬಿ ಅಲುಗಿಸಿದರೆ ಗಲಗಲ ಅನ್ನುತ್ತಿದ್ದರೆ ಮೇಲೆ ಒಂದು ಸ್ಪಂಜಿನ ತುಂಡು ಇಡಿ. ಡಬ್ಬಿಯಿಂದ ಸುರಿಯಬೇಡಿ, ಒಂದೊಂದಾಗಿ ಎತ್ತಿ. ಸ್ಪರ್ಧೆಗೆ ಹೋಗುವವರು ಒಂದೊಂದಕ್ಕೂ ಬೇರೆ ಗುಣಿ ಇರುವ ಫೋಮ್ ಪೆಟ್ಟಿಗೆ ಬಳಸುವುದು ಇದೇ ಕಾರಣಕ್ಕೆ.

ಮನೆಯಲ್ಲಿ ಮಾಡಬಹುದಾದ ಒಂದು ಒಳ್ಳೆ ಪರೀಕ್ಷೆ ಇದೆ. ಒಂದು ಗಾಜಿನ ಹಲಗೆಯನ್ನು ಪುಸ್ತಕದ ಮೇಲೆ ತುಸು ಇಳಿಜಾರಾಗಿ ಇಡಿ. ಪೆಲೆಟ್ಟನ್ನು ಮೇಲಿನಿಂದ ಉರುಳಿಸಿ. ತಲೆಗಿಂತ ಸ್ಕರ್ಟ್ ಅಗಲ, ಹಾಗಾಗಿ ಅದು ನೇರ ಬರುವುದಿಲ್ಲ, ಬಿಲ್ಲಿನ ಹಾಗೆ ಬಾಗಿ ಬರುತ್ತದೆ. ಒಳ್ಳೆಯವೆಲ್ಲ ಒಂದೇ ಬಿಲ್ಲು ಬಿಡಿಸಿ ಒಂದೇ ಜಾಗಕ್ಕೆ ಬಂದು ನಿಲ್ಲುತ್ತವೆ. ಅಂಚು ಮಡಚಿದ್ದು ತಟತಟ ಕುಣಿಯುತ್ತಾ ಎಲ್ಲೋ ಹೋಗುತ್ತದೆ. ಮಗಳು ಭಾನುವಾರ ಕೂತು ನೂರು ಪೆಲೆಟ್ ಹೀಗೆ ಆರಿಸುತ್ತಾಳೆ. ತೆಗೆದಿಟ್ಟವನ್ನು ನಾವು ಬಿಸಾಡುವುದಿಲ್ಲ, ಟ್ರಿಗರ್ ಅಭ್ಯಾಸಕ್ಕೆ ಬಳಸುತ್ತೇವೆ.

ಇನ್ನೊಂದು ಮುಖ್ಯ ವಿಷಯ ತಲೆಯ ಅಳತೆ. ಒಂದೇ ಕಂಪನಿಯ ಒಂದೇ ಪೆಲೆಟ್ 4.49, 4.50, 4.51 ಮಿ.ಮೀ. ಹೀಗೆ ಬೇರೆ ಬೇರೆ ತಲೆಯಲ್ಲಿ ಬರುತ್ತದೆ. ಡಬ್ಬಿಯ ಮೇಲೆ ಬರೆದಿರುತ್ತದೆ, ನಾವೇ ಗಮನಿಸುವುದಿಲ್ಲ. ನಿಮ್ಮ ನಳಿಗೆಗೆ ದೊಡ್ಡದಾದರೆ ಜೋರಾಗಿ ಒತ್ತಬೇಕು, ಜೋರಾಗಿ ಒತ್ತಿದಲ್ಲಿ ಗುರುತು ಬೀಳುತ್ತದೆ. ಒಂದು ಡಬ್ಬಿ 4.49, ಒಂದು ಡಬ್ಬಿ 4.51 ತಂದು ನೋಡಿ. ತಲೆ ತಾನಾಗಿ ಇಳಿದು, ಸ್ಕರ್ಟ್ ಬಂದಾಗ ಮೆತ್ತಗೆ ತಡೆದರೆ ಅದು ನಿಮ್ಮ ಅಳತೆ. ಪೆಲೆಟ್ಟನ್ನು ಅಚ್ಚಿನ ಮೂಲಕ ತಳ್ಳಿ ಎಲ್ಲವನ್ನೂ ಒಂದೇ ಗಾತ್ರ ಮಾಡುವ ಸೈಸರ್ ಅಂತ ಒಂದು ಸಾಧನವೂ ಸಿಗುತ್ತದೆ. ಸರಿಯಾದ ತಲೆಯ ಅಳತೆ ಸಿಕ್ಕವರಿಗೆ ಅದು ಬೇಡ, ಸುಮ್ನೆ ಖರ್ಚು.

ಯಾರಿಗೆ ಯಾವುದು?

ಹೊಸದಾಗಿ ಬ್ರೇಕ್ ಬ್ಯಾರೆಲ್ ಕೊಂಡಿದ್ದೀರಾ? ಮೊದಲ ಎರಡು ಡಬ್ಬಿ ಬೆರಳಲ್ಲೇ ಹಾಕಿ. ನಿಮ್ಮ ಬ್ರೀಚಿನ ಸ್ವಭಾವ ಬೆರಳಿಗೆ ತಿಳಿಯಲಿ. ಆಮೇಲೆ ನೈಲಾನಿನ ಗುಂಡು ತುದಿಗೆ ಬನ್ನಿ. ವಯಸ್ಸಾದವರು, ಬೆರಳ ಗೆಣ್ಣು ನೋಯುವವರು, ಚಿಕ್ಕ ಮಕ್ಕಳು ಮೊದಲ ದಿನದಿಂದಲೇ ಗುಂಡು ತುದಿ ಬಳಸಬಹುದು. ಅವರಿಗೆ ನೇರ ಒತ್ತುವುದೇ ಕಷ್ಟ, ಆ ಕೆಲಸ ಗೋಲ ಮಾಡಿಕೊಡುತ್ತದೆ. ನಮ್ಮ ಬೇಸಿಗೆಯಲ್ಲಿ ಬೆವರಿದ ಬೆರಳು ಜಾರುವಾಗಲೂ ಅಷ್ಟೇ. ಪಿಸಿಪಿ ಇದ್ದವರು ಏನೂ ಕೊಳ್ಳಬೇಡಿ, ಟ್ರೇ ಸ್ವಚ್ಛ ಇಟ್ಟುಕೊಂಡು ಬೋಲ್ಟ್ ಮೆಲ್ಲಗೆ ತಳ್ಳಿ.

ಯಾರ ಮಾತನ್ನೂ ಪೂರ್ತಿ ನಂಬಬೇಡಿ, ನನ್ನದನ್ನೂ. ನೀವೇ ಹೊಡೆದು ನೋಡಿ. ಒಂದೇ ಡಬ್ಬಿ, ಮರಳು ಚೀಲದ ಆಸರೆ, ಐದು ಬೆರಳಲ್ಲಿ, ಐದು ಸೀಟರಿನಲ್ಲಿ, ಮತ್ತೆ ಐದು ಬೆರಳಲ್ಲಿ. ಹೀಗೆ ಅದಲು ಬದಲು ಮಾಡುತ್ತಾ ಒಂದೊಂದಕ್ಕೂ ನಾಲ್ಕು ಗುರಿ ಕಾಗದ ಆಗಲಿ. ಒಂದೇ ಗ್ರೂಪ್ ನೋಡಿ ತೀರ್ಮಾನಿಸಿದರೆ ಮೋಸ ಹೋಗುತ್ತೀರಿ. ಇದನ್ನು ನಾಲ್ಕು ಗೋಡೆ ಒಳಗೇ ಮಾಡಿ. ಚಿತ್ರದುರ್ಗದ ಹತ್ತಿರ ತೋಟ ಇರುವ ನನ್ನ ಗೆಳೆಯ ಬಯಲಲ್ಲಿ ಪರೀಕ್ಷೆ ಮಾಡಿ 'ಸೀಟರಿನಿಂದ ಏನೂ ಫರಕಿಲ್ಲ' ಅಂದಿದ್ದ. ಅಲ್ಲಿನ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ನೆ ಅಲ್ಲವಲ್ಲ. ಅರ್ಧ ಗ್ರಾಂ ಪೆಲೆಟ್ಟನ್ನು ಆ ಗಾಳಿ ಎಲ್ಲಿಗೆ ಬೇಕಾದರೂ ಒಯ್ಯುತ್ತದೆ. ಅವನು ನಮ್ಮ ಮಾಳಿಗೆಗೆ ಬಂದು ಹೊಡೆದಾಗ ಫರಕು ಕಾಗದದ ಮೇಲೆ ಕಂಡಿತು.

ತೋಟದ ಮಾತು ಬಂದಿದ್ದಕ್ಕೆ ಇದನ್ನೂ ಹೇಳಬೇಕು. ಏರ್‌ಗನ್ ಕೈಗೆ ಬಂದ ಕೂಡಲೇ ಗಿಳಿ, ಪಾರಿವಾಳ, ಅಳಿಲು ಅಂತ ಹೊರಡುವವರು ನಮ್ಮ ಕಡೆ ಇದ್ದಾರೆ. 1972ರ ವನ್ಯಜೀವಿ ಕಾಯ್ದೆ ಗಿಳಿಯನ್ನು ರಕ್ಷಿಸುತ್ತದೆ, ಹೊಡೆದರೆ ಅಪರಾಧ. ಕಾಯ್ದೆ ಇಲ್ಲದಿದ್ದರೂ ನಾನು ಹೊಡೆಯಬೇಡಿ ಅಂತಲೇ ಕೈಮುಗಿದು ಕೇಳುತ್ತಿದ್ದೆ.

ಸೀಸದ ಬಗ್ಗೆ ಎಚ್ಚರ ಇರಲಿ. ಬೆರಳಲ್ಲಿ ಕೂರಿಸುವವರ ಹೆಬ್ಬೆರಳು ಅರ್ಧ ಗಂಟೆಯಲ್ಲಿ ಕಪ್ಪಗಾಗುತ್ತದೆ. ಅದು ಸೀಸ, ಮೈಯೊಳಗೆ ಸೇರಿದರೆ ವಿಷ, ಮಕ್ಕಳ ಮಿದುಳಿಗೆ ಇನ್ನೂ ಕೆಟ್ಟದ್ದು. ಜಾತ್ರೆಯ ಅಂಗಡಿಯಲ್ಲಿ ಪೆಲೆಟ್ಟನ್ನು ತುಟಿಯಲ್ಲಿ ಕಚ್ಚಿಕೊಂಡು ನಿಂತವರನ್ನು ನೋಡಿ ನನಗೆ ಸಂಕಟವಾಗಿದೆ. ಸೀಟರ್ ಪರವಾಗಿ ಇದೂ ಒಂದು ದೊಡ್ಡ ಕಾರಣ, ಬೆರಳಿಗೆ ಸೀಸ ತಾಗುವುದು ಕಡಿಮೆ. ಹಳೇ ಪೆಲೆಟ್ ಮೇಲೆ ಬಿಳಿ ಪುಡಿ ಕಂಡರೆ ಅವನ್ನು ಬಳಸಬೇಡಿ, ಆ ಪುಡಿಯನ್ನು ಊದಲೂ ಬೇಡಿ. ನಮ್ಮ ಮನೆಯಲ್ಲಿ ಅಭ್ಯಾಸ ಮುಗಿದ ಮೇಲೆ ಸೋಪು ಹಾಕಿ ಮೊಣಕೈವರೆಗೆ ತೊಳೆಯದೆ ಮಂಡಕ್ಕಿ ತಟ್ಟೆಗೆ ಕೈ ಹಾಕುವಂತಿಲ್ಲ.

ಲೇತ್ ಅಂಗಡಿಗೆ ಸೀಟರ್ ಮಾಡಿಸಲು ಹೋಗುವವರು ರೈಫಲ್ ಒಯ್ಯಬೇಡಿ. ನಾಲ್ಕು ಹೊಸ ಪೆಲೆಟ್ಟನ್ನು ಕಾಗದದಲ್ಲಿ ಸುತ್ತಿ ಒಯ್ಯಿರಿ. 7 ಮಿ.ಮೀ. ಅರ್ಧಗೋಲ, ನೈಲಾನ್, ಹಿಡಿಕೆ ಬೆರಳುದ್ದ ಅಂತ ಚೀಟಿಯಲ್ಲಿ ಬರೆದು ಕೊಡಿ. ಟರ್ನರ್ ಕಡ್ಡಿ ಕೈಗೆ ಕೊಟ್ಟ ಮೇಲೆ ಅಲ್ಲೇ ನಿಂತು ಜೇಬಿನಿಂದ ಒಂದು ಚೂರು ಹತ್ತಿ ತೆಗೆದು ತುದಿಯ ಮೇಲೆ ಎಳೆದು ನೋಡಿ. ಎಳೆ ಸಿಕ್ಕಿದರೆ ಇನ್ನೊಮ್ಮೆ ಎಮರಿ ಹಿಡಿಯಲು ಹೇಳಿ.